ಸೆಡಾನ್‌ಗೆ ಸ್ವೇ ಬಾರ್: ದಪ್ಪ ನೋಡಿ ಕೊಳ್ಳುವ ಮುನ್ನ

ಭಾನುವಾರ ನಸುಕಿನಲ್ಲಿ ಬಳ್ಳಾರಿ ರಸ್ತೆಯ ಬದಿಯಲ್ಲಿ ನಿಂತು ನೋಡಿದರೆ, ಬೆಂಗಳೂರಿನಿಂದ ನಂದಿಬೆಟ್ಟದತ್ತ ಹೊರಟ ಕಾರುಗಳ ಸಾಲು ಕಡಿಯುವುದೇ ಇಲ್ಲ. ವಿಮಾನ ನಿಲ್ದಾಣದವರೆಗಿನ ನೇರ, ನುಣುಪು ಹೆದ್ದಾರಿಯಲ್ಲಿ ಯಾವ ಕಾರೂ ಚೆನ್ನಾಗಿಯೇ ಓಡುತ್ತದೆ. ದೇವನಹಳ್ಳಿ ದಾಟಿ ಎಡಕ್ಕೆ ಹೊರಳಿದ ಮೇಲೆ ಚಿತ್ರ ಬದಲಾಗುತ್ತದೆ. ಊರಿಗೊಂದೆರಡು ಹಂಪುಗಳು, ಅಂಚು ಕಿತ್ತ ಡಾಂಬರು, ಕಾರಹಳ್ಳಿ ಕ್ರಾಸ್‌ನ ಆಚೆಗೆ ಬೆಟ್ಟದ ತಿರುವುಗಳು. ಎಂಜಿನ್ ಬಲಕ್ಕೆ ಹೆಸರಾದ ಸೆಡಾನ್ ಕೂಡ ಇಲ್ಲಿ ಹೊರಬದಿಗೆ ವಾಲುತ್ತದೆ. ಮೂತಿ ಚಾಲಕ ಅಂದುಕೊಂಡದ್ದಕ್ಕಿಂತ ಆಚೆಗೆ ಸರಿಯುತ್ತದೆ. ಮನೆಗೆ ಮರಳಿದ ಮಾಲೀಕ ಹುಡುಕತೊಡಗುವುದು ಸ್ವೇ ಬಾರ್ ಎಂಬ ಬಿಡಿಭಾಗವನ್ನು.

ಹುಡುಕಾಟ ತಪ್ಪಲ್ಲ. ಆದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ರಸ್ತೆಗಳಲ್ಲಿ ಓಡುವ ಕಾರಿಗೆ, ಸಿಗುವುದರಲ್ಲೆಲ್ಲ ಅತಿ ದಪ್ಪನೆಯ ಬಾರ್ ಬಹುಪಾಲು ಸಂದರ್ಭಗಳಲ್ಲಿ ತಪ್ಪು ಆಯ್ಕೆ. ಕಾರಿನ ಹಿಂಬದಿಯ ರಚನೆ ಎಂಥದು, ಈಗಿರುವ ಲಿಂಕ್ ಮತ್ತು ಬುಷ್‌ಗಳ ಸ್ಥಿತಿ ಹೇಗಿದೆ, ಕಾರು ವಾರದ ಆರು ದಿನ ಎಲ್ಲಿ ಓಡುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗದೆ ಹಣ ಬಿಚ್ಚಿದರೆ ಕಾರು ಸುಧಾರಿಸುವ ಬದಲು ಮಳೆಯಲ್ಲಿ ಅಪಾಯಕಾರಿಯಾಗುವ ಸಾಧ್ಯತೆಯೇ ಹೆಚ್ಚು.

ಏನಿದರ ಕೆಲಸ?

ಸ್ವೇ ಬಾರ್ ಎಂಬುದು ಇಂಗ್ಲಿಷಿನ ‘ಯು’ ಅಕ್ಷರದಂತೆ ಬಾಗಿಸಿದ ಸ್ಪ್ರಿಂಗ್ ಉಕ್ಕಿನ ಸರಳು. ಅದರ ನಡುಭಾಗವನ್ನು ಎರಡು ರಬ್ಬರ್ ಬುಷ್‌ಗಳ ಮೂಲಕ ಕಾರಿನ ಚೌಕಟ್ಟಿಗೆ ಬಿಗಿದಿರುತ್ತಾರೆ. ಎರಡು ತುದಿಗಳು ಗೇಣುದ್ದದ ಕಡ್ಡಿಗಳ ಮೂಲಕ ಎಡ ಮತ್ತು ಬಲ ಚಕ್ರಗಳ ಸಸ್ಪೆನ್ಷನ್‌ಗೆ ಜೋಡಣೆಯಾಗುತ್ತವೆ. ಈ ಕಡ್ಡಿಯೇ ಎಂಡ್ ಲಿಂಕ್. ಗ್ಯಾರೇಜುಗಳಲ್ಲಿ ಸ್ವೇ ಬಾರ್‌ಗೆ ‘ಸ್ಟೆಬಿಲೈಸರ್ ರಾಡ್’ ಎಂದೂ ಎಂಡ್ ಲಿಂಕ್‌ಗೆ ‘ಲಿಂಕ್ ರಾಡ್’ ಎಂದೂ ಹೆಸರು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳುವಾಗ ಈ ಹೆಸರುಗಳನ್ನೇ ಬಳಸಿದರೆ ಕೆಲಸ ಬೇಗ ಆಗುತ್ತದೆ.

ಎರಡೂ ಚಕ್ರಗಳು ಒಟ್ಟಿಗೆ ಮೇಲೇರಿ ಕೆಳಗಿಳಿದರೆ ಬಾರ್ ತನ್ನ ಬುಷ್‌ಗಳೊಳಗೆ ಸುಮ್ಮನೆ ಹೊರಳುತ್ತದೆ, ಏನೂ ಮಾಡುವುದಿಲ್ಲ. ತಿರುವಿನಲ್ಲಿ ಕಾರು ವಾಲಿದಾಗ ಹೊರಗಿನ ಚಕ್ರ ಮೇಲಕ್ಕೆ, ಒಳಗಿನ ಚಕ್ರ ಕೆಳಕ್ಕೆ ಹೋಗುತ್ತದೆ. ಆಗ ಬಾರ್ ಒದ್ದೆ ಬಟ್ಟೆಯನ್ನು ಹಿಂಡಿದಂತೆ ತಿರುಚಿಕೊಳ್ಳುತ್ತದೆ. ಆ ತಿರುಚನ್ನು ಬಿಡಿಸಿಕೊಳ್ಳಲು ಉಕ್ಕು ಹೂಡುವ ಬಲವೇ ವಾಲುವಿಕೆಯನ್ನು ತಡೆಯುತ್ತದೆ. ಕೆನಡಾದ ಫ್ರೆಡೆರಿಕ್ಟನ್ ನಗರದ ಸ್ಟೀಫನ್ ಕೋಲ್ಮನ್ ಎಂಬಾತನಿಗೆ ಇದರ ಮೊದಲ ಪೇಟೆಂಟ್ ದೊರೆತದ್ದು 1919ರ ಏಪ್ರಿಲ್‌ನಲ್ಲಿ. ನಮ್ಮಲ್ಲಿ ಸಾಮಾನ್ಯ ಕುಟುಂಬಗಳಿಗೆ ಇದರ ಪರಿಚಯವಾದದ್ದು ಮಾರುತಿ 800ರ ಮೂಲಕ ಎನ್ನಬಹುದು. ಆ ಕಾರಿನಲ್ಲಿ ಮುಂಭಾಗದ ಸ್ಟೆಬಿಲೈಸರ್ ಬಾರ್, ಚಕ್ರದ ಕೆಳತೋಳನ್ನು ಹಿಂದೆ-ಮುಂದೆ ಸರಿಯದಂತೆ ಹಿಡಿದಿಡುವ ಕೆಲಸವನ್ನೂ ಮಾಡುತ್ತಿತ್ತು. ಬುಷ್ ಸವೆದರೆ ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತಿದ್ದುದನ್ನು ಹಳೆಯ ಮಾಲೀಕರು ಮರೆತಿರಲಾರರು.

ಸ್ವೇ ಬಾರ್ ಕಾರಿನ ಹಿಡಿತವನ್ನು ಹೆಚ್ಚಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಅರ್ಧ ಸತ್ಯ. 1,300 ಕೆ.ಜಿ. ತೂಕದ ಒಂದು ಸೆಡಾನ್ ಇದೆಯೆಂದು ಭಾವಿಸೋಣ. ಅದರ ಗುರುತ್ವ ಕೇಂದ್ರ ನೆಲದಿಂದ 55 ಸೆಂ.ಮೀ. ಎತ್ತರದಲ್ಲಿದೆ, ಎಡ-ಬಲ ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರವಿದೆ. ಗುರುತ್ವಾಕರ್ಷಣೆಯ ಅರ್ಧದಷ್ಟು ಅಡ್ಡಬಲ ಬೀಳುವಂತೆ ಅದು ತಿರುವನ್ನು ದಾಟಿದರೆ, ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಸುಮಾರು 238 ಕೆ.ಜಿ. ಭಾರ ವರ್ಗವಾಗುತ್ತದೆ. ಬಾರ್ ದಪ್ಪಗಿರಲಿ, ತೆಳ್ಳಗಿರಲಿ, ಈ ಮೊತ್ತ ಹೆಚ್ಚುಕಡಿಮೆ ಅಷ್ಟೇ. ಬಾರ್ ನಿರ್ಧರಿಸುವುದು ಇಷ್ಟು ಭಾರದಲ್ಲಿ ಮುಂದಿನ ಜೋಡಿ ಚಕ್ರಗಳ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಎಂಬುದನ್ನು.

ಟೈರಿನ ಮೇಲೆ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ. ಸ್ವಲ್ಪ ಕಡಿಮೆಯೇ ಆಗುತ್ತದೆ. ಹೀಗಾಗಿ ಯಾವ ಜೋಡಿಯಲ್ಲಿ ಭಾರದ ವರ್ಗಾವಣೆ ಹೆಚ್ಚೋ ಆ ಜೋಡಿ ಮೊದಲು ಹಿಡಿತ ಬಿಡುತ್ತದೆ. ಮುಂದಿನ ಬಾರ್ ಬಿಗಿಯಾದರೆ ಮೂತಿ ಹೊರಕ್ಕೆ ಸರಿಯುವ ಗುಣ, ಅಂದರೆ ಅಂಡರ್‌ಸ್ಟಿಯರ್, ಹೆಚ್ಚುತ್ತದೆ. ಹಿಂದಿನದು ಬಿಗಿಯಾದರೆ ಆ ಗುಣ ಕಡಿಮೆಯಾಗುತ್ತದೆ, ಕಾರು ಚುರುಕಾಗಿ ತಿರುಗುತ್ತದೆ. ಮಿತಿ ಮೀರಿದರೆ ಕಾರಿನ ಬಾಲವೇ ಜಾರುತ್ತದೆ.

ಮಿಲಿಮೀಟರ್‌ಗಳ ಮೋಸ

ಬಾರ್‌ನ ಬಿಗುವು ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. 20 ಮಿ.ಮೀ. ಬಾರ್ ತೆಗೆದು 22 ಮಿ.ಮೀ. ಹಾಕಿದರೆ ದಪ್ಪ ಏರಿದ್ದು ಶೇ. 10, ಬಿಗುವು ಏರಿದ್ದು ಶೇ. 46. 21ರ ಬದಲು 24 ಹಾಕಿದರೆ ಬಿಗುವು ಶೇ. 70ರಷ್ಟು ಹೆಚ್ಚು. ‘ಮೂರೇ ಮಿಲಿಮೀಟರ್ ತಾನೆ’ ಎಂದು ಅಂಗಡಿಯವರು ಹೇಳುವ ಮಾತು ಅಳತೆಯ ಮಟ್ಟಿಗೆ ಸತ್ಯ, ಪರಿಣಾಮದ ಮಟ್ಟಿಗೆ ಅಲ್ಲ.

ಟೊಳ್ಳು ಬಾರ್‌ಗಳನ್ನು ಹೋಲಿಸುವಾಗ ಇನ್ನೊಂದು ಎಚ್ಚರ ಬೇಕು. ಹೊರ ವ್ಯಾಸ 25 ಮಿ.ಮೀ., ಕೊಳವೆಯ ಗೋಡೆ ಮೂರೂವರೆ ಮಿ.ಮೀ. ಇರುವ ಬಾರ್‌ನ ಬಿಗುವು, ಸುಮಾರು 23 ಮಿ.ಮೀ.ಯ ಗಟ್ಟಿ ಬಾರ್‌ಗೆ ಸಮ. ತೂಕ ಮಾತ್ರ ಅದರ ಶೇ. 57ರಷ್ಟೇ. ಆದ್ದರಿಂದ ಹೊರ ವ್ಯಾಸ ಒಂದನ್ನೇ ಕೇಳಿ ತೀರ್ಮಾನಿಸುವಂತಿಲ್ಲ. ಗಟ್ಟಿಯೋ ಟೊಳ್ಳೋ, ಟೊಳ್ಳಾದರೆ ಗೋಡೆಯ ದಪ್ಪ ಎಷ್ಟು ಎಂಬುದನ್ನು ಕೇಳಬೇಕು. ಇದಕ್ಕೆ ಉತ್ತರವಿಲ್ಲದ ಮಾರಾಟಗಾರನಿಂದ ಕೊಳ್ಳದಿರುವುದು ಲೇಸು.

ಕೆಲವು ಬಾರ್‌ಗಳ ತುದಿಯಲ್ಲಿ ಎರಡು ಅಥವಾ ಮೂರು ರಂಧ್ರಗಳಿರುತ್ತವೆ. ಲಿಂಕನ್ನು ಬಾಗಿನ ಹತ್ತಿರದ ರಂಧ್ರಕ್ಕೆ ಕಟ್ಟಿದರೆ ತೋಳು ಗಿಡ್ಡವಾಗಿ ಬಿಗುವು ಹೆಚ್ಚುತ್ತದೆ. 200 ಮಿ.ಮೀ. ತೋಳು 180 ಆದರೆ ಬಿಗುವಿನ ಏರಿಕೆ ಶೇ. 23ರ ಆಸುಪಾಸು. ಒಂದೇ ಬಾರ್‌ನಲ್ಲಿ ಮೆದುವಿನಿಂದ ಆರಂಭಿಸಿ ಬೇಕೆನಿಸಿದರೆ ಮಾತ್ರ ಏರಿಸುವ ಅವಕಾಶ ಇದರಲ್ಲಿರುವುದರಿಂದ, ಕೊಳ್ಳುವುದೇ ಆದರೆ ರಂಧ್ರಗಳಿರುವ ಬಾರ್ ಮೇಲು. ಎಡ ಬಲ ಎರಡೂ ಕಡೆ ಒಂದೇ ರಂಧ್ರ ಬಳಸಬೇಕೆಂಬುದನ್ನು ಹೇಳಬೇಕಾಗಿಲ್ಲ. ಆದರೂ ಹೇಳಬೇಕಾದ ಪ್ರಸಂಗಗಳು ಬರುತ್ತವೆ.

ಹಿಂಬದಿಗೆ ಬಗ್ಗಿ ನೋಡಿ

ಕಾರಿನ ಹಿಂಬದಿಯಲ್ಲಿ ಸ್ವೇ ಬಾರ್ ಮತ್ತು ಲಿಂಕ್‌ಗಳು ಇವೆಯೇ ಎಂಬುದು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ. 2022ರಲ್ಲಿ ಬಂದ ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್, 160 ಪಿಎಸ್ ಟರ್ಬೊ ಎಂಜಿನ್ ಪಡೆದ 2023ರ ಹ್ಯುಂಡೈ ವರ್ನಾ, ಹೋಂಡಾ ಸಿಟಿ ಇವೆಲ್ಲ ಮುಂಚಕ್ರ ಚಾಲನೆಯ ಕಾರುಗಳು. ಇವುಗಳ ಹಿಂಬದಿಯಲ್ಲಿರುವುದು ಟಾರ್ಷನ್ ಬೀಮ್. ಎರಡು ಹಿಂದೋಳುಗಳನ್ನು ಜೋಡಿಸುವ, ತೆರೆದ ಬಾಯಿಯ ಅಡ್ಡತೊಲೆ ಅದು. ಕಾರು ವಾಲಿದಾಗ ಆ ತೊಲೆಯೇ ತಿರುಚಿಕೊಂಡು ಸ್ವೇ ಬಾರ್‌ನ ಕೆಲಸವನ್ನೂ ನಿರ್ವಹಿಸುತ್ತದೆ. ಇಂಥ ಕಾರಿನ ಹಿಂಬದಿಗೆಂದು ಎಂಡ್ ಲಿಂಕ್ ಕೊಳ್ಳಲು ಹೊರಟವರಿಗೆ ಹಾಕಲು ಜಾಗವೇ ಸಿಗುವುದಿಲ್ಲ. ಲಿಂಕ್‌ಗಳಿರುವುದು ಮುಂಬದಿಯಲ್ಲಿ ಮಾತ್ರ.

ಟಾರ್ಷನ್ ಬೀಮ್ ಕಾರುಗಳಿಗೆ ಮಾರುಕಟ್ಟೆಯಲ್ಲಿ ಸಿಗುವ ‘ಹಿಂಬದಿಯ ಸ್ವೇ ಬಾರ್’ ವಾಸ್ತವವಾಗಿ ತೊಲೆಯ ಎರಡು ತುದಿಗಳಿಗೆ ಬೋಲ್ಟ್ ಹಾಕಿ ಕೂರಿಸುವ ಹೆಚ್ಚುವರಿ ಸರಳು. ಮಲೇಷ್ಯಾದ ಅಲ್ಟ್ರಾ ರೇಸಿಂಗ್, ಆಸ್ಟ್ರೇಲಿಯಾದ ವೈಟ್‌ಲೈನ್ ಮುಂತಾದ ಕಂಪನಿಗಳು ಕೆಲವು ಮಾದರಿಗಳಿಗೆ ಇದನ್ನು ತಯಾರಿಸುತ್ತವೆ. ತೊಲೆಗೆ ರಂಧ್ರ ಕೊರೆಯದೆ, ಬೆಸುಗೆ ಹಾಕದೆ ಕ್ಲಾಂಪ್‌ನಿಂದ ಅಥವಾ ಈಗಾಗಲೇ ಇರುವ ರಂಧ್ರಗಳಿಂದ ಕೂರುವಂಥದ್ದನ್ನಷ್ಟೇ ಪರಿಗಣಿಸಬೇಕು. ದಿನಕ್ಕೆ ಸಾವಿರಾರು ಬಾರಿ ತಿರುಚಿಕೊಳ್ಳುವ ತೊಲೆಯಲ್ಲಿ ಒಂದು ಒರಟು ರಂಧ್ರ ಅಥವಾ ಬೆಸುಗೆಯ ಅಂಚು ಸಾಕು, ಬಿರುಕು ಅಲ್ಲಿಂದಲೇ ಆರಂಭವಾಗುತ್ತದೆ. ಸ್ಥಳೀಯ ಲೇತ್ ಅಂಗಡಿಯಲ್ಲಿ ಸಾದಾ ಕಬ್ಬಿಣದ ಸರಳನ್ನು ಬಗ್ಗಿಸಿ ಬೆಸೆದು ಕೊಡುವ ಅಗ್ಗದ ಉಪಾಯವಂತೂ ಸರ್ವಥಾ ಸಲ್ಲದು. ಹದಗೊಳಿಸಿದ ಸ್ಪ್ರಿಂಗ್ ಉಕ್ಕು ತಿರುಚಿ ಮತ್ತೆ ಮೊದಲಿನಂತಾಗುತ್ತದೆ. ಸಾದಾ ಕಬ್ಬಿಣ ತಿರುಚಿದಂತೆಯೇ ಉಳಿಯುತ್ತದೆ ಅಥವಾ ಮುರಿಯುತ್ತದೆ.

ಸರಳು ತೊಲೆಗಿಂತ ಕೆಳಗೆ ಜೋತುಬೀಳುತ್ತದೆಯೇ ಎಂಬುದನ್ನೂ ಅಳೆಯಬೇಕು. ಸ್ಲಾವಿಯಾ ಮತ್ತು ವರ್ಟಸ್‌ಗಳಿಗೆ ಭಾರತದಲ್ಲಿ 179 ಮಿ.ಮೀ. ನೆಲದಂತರ ಕೊಟ್ಟಿರುವುದು ಸುಮ್ಮನೆ ಅಲ್ಲ. ಆ ಎತ್ತರದಿಂದಾಗಿಯೇ ಅವು ತಿರುವಿನಲ್ಲಿ ತುಸು ಹೆಚ್ಚು ವಾಲುತ್ತವೆ ಎಂಬುದು ನಿಜ. ಅದೇ ಎತ್ತರ ಕಾರಿನ ಹೊಟ್ಟೆಯನ್ನು ಊರ ಹಂಪುಗಳಿಂದ ಉಳಿಸುತ್ತದೆ ಎಂಬುದೂ ಅಷ್ಟೇ ನಿಜ.

ಹಿಂಬದಿಯಲ್ಲಿ ಮಲ್ಟಿಲಿಂಕ್ ಅಥವಾ ಅಂಥ ಸ್ವತಂತ್ರ ಸಸ್ಪೆನ್ಷನ್ ಇರುವ ಕಾರುಗಳ ಕಥೆ ಬೇರೆ. 2006ರಲ್ಲಿ ಭಾರತಕ್ಕೆ ಬಂದ ಹೋಂಡಾ ಸಿವಿಕ್, ರ‍್ಯಾಲಿ ಚಾಲಕರ ಮೆಚ್ಚಿನ ಮಿತ್ಸುಬಿಷಿ ಸೆಡಿಯಾ, 2025ರ ಅಕ್ಟೋಬರ್‌ನಲ್ಲಿ ಭಾರತಕ್ಕೆಂದು 100 ಕಾರುಗಳಷ್ಟೇ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಈ ಗುಂಪಿನವು. ಇವುಗಳಲ್ಲಿ ಹಿಂದಿನ ಬಾರನ್ನು ಬಿಚ್ಚಿ ಒಂದು ಹಂತ ದಪ್ಪನೆಯದನ್ನು ಹಾಕುವುದು ನೇರವಾದ ಕೆಲಸ. ವೈಟ್‌ಲೈನ್ ಅಲ್ಲದೆ ಜರ್ಮನಿಯ ಐಬಾಖ್, ಎಚ್ ಅಂಡ್ ಆರ್, ಜಪಾನಿನ ಕುಸ್ಕೊ ಈ ಕ್ಷೇತ್ರದ ಹಳೆಯ ಹೆಸರುಗಳು. ಮುಂಚಕ್ರ ಚಾಲನೆಯ ಕಾರಿನಲ್ಲಿ ಬದಲಿಸುವುದಾದರೆ ಹಿಂದಿನದನ್ನು ಮಾತ್ರ ಬದಲಿಸಬೇಕು. ಮುಂದಿನದನ್ನೂ ದಪ್ಪಗೆ ಮಾಡಿದರೆ ಇದ್ದ ಅಂಡರ್‌ಸ್ಟಿಯರ್ ಹಾಗೆಯೇ ಉಳಿಯುವುದಲ್ಲದೆ, ತಿರುವಿನಿಂದ ಹೊರಬರುತ್ತ ಆಕ್ಸಿಲರೇಟರ್ ಒತ್ತಿದಾಗ ಒಳಗಿನ ಮುಂಚಕ್ರ ಹಗುರಾಗಿ ಸುಮ್ಮನೆ ಸುತ್ತತೊಡಗುತ್ತದೆ. ಬಿಎಂಡಬ್ಲ್ಯು 3 ಸರಣಿಯಂಥ ಹಿಂಚಕ್ರ ಚಾಲನೆಯ ಕಾರುಗಳಲ್ಲಿ ಈ ತರ್ಕ ತಲೆಕೆಳಗು. ಅಲ್ಲಿ ಹಿಂದಿನ ಬಾರ್ ಬಿಗಿಯಾದಷ್ಟೂ ಎಂಜಿನ್ ಬಲ ನೆಲಕ್ಕೆ ತಲುಪುವುದು ಕಷ್ಟವಾಗುತ್ತದೆ.

ಒಂದೇ ಹೆಸರಿನ ಕಾರಿನಲ್ಲೂ ವರ್ಷ ಮತ್ತು ಎಂಜಿನ್‌ಗೆ ತಕ್ಕಂತೆ ಹಿಂಬದಿಯ ರಚನೆ ಬೇರೆಯಾಗಿರುವುದುಂಟು. ವಿದೇಶದಿಂದ ತರಿಸುವವರು ಮಾದರಿಯ ಹೆಸರನ್ನಲ್ಲ, ಷಾಸಿ ಸಂಖ್ಯೆಗೆ ಹೊಂದುವ ಬಿಡಿಭಾಗ ಸಂಖ್ಯೆಯನ್ನು ಆಧಾರವಾಗಿಟ್ಟುಕೊಳ್ಳಬೇಕು. ಸುಂಕ, ಸಾಗಣೆ ಸೇರಿ ಬಾರ್‌ನ ಬೆಲೆ ಸಾಕಷ್ಟು ಏರಿರುತ್ತದೆ. ಹೊಂದದೆ ಹಿಂದಿರುಗಿಸುವುದು ಪ್ರಾಯೋಗಿಕವಾಗಿ ಅಸಾಧ್ಯ.

ಜಿಲ್ಲೆಯ ರಸ್ತೆ ಹೇಳುವುದೇನು?

ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯಂತೆ, ಗಂಟೆಗೆ 25 ಕಿ.ಮೀ. ವೇಗಕ್ಕೆ ಕಟ್ಟುವ ಹಂಪು 3.7 ಮೀಟರ್ ಅಗಲವಾಗಿ, ನಡುವೆ 10 ಸೆಂ.ಮೀ. ಎತ್ತರವಾಗಿ, ನಿಧಾನ ಇಳಿಜಾರಿನ ದುಂಡು ಬೆನ್ನಿನಂತಿರಬೇಕು. ಹಳ್ಳಿಗರು ಅಪಘಾತಕ್ಕೆ ಬೇಸತ್ತು ರಾತ್ರೋರಾತ್ರಿ ಕಟ್ಟಿಕೊಂಡ ಹಂಪುಗಳಿಗೆ ಈ ಲೆಕ್ಕ ಅನ್ವಯಿಸದು. ಆದರೂ ರಸ್ತೆಯುದ್ದಗಲಕ್ಕೆ ಸಮನಾಗಿರುವ ಹಂಪಿನಿಂದ ಸ್ವೇ ಬಾರ್‌ಗೆ ವಿಶೇಷ ತೊಂದರೆಯಿಲ್ಲ. ಎರಡೂ ಚಕ್ರಗಳು ಒಟ್ಟಿಗೆ ಏರಿಳಿಯುತ್ತವೆ. ತೊಂದರೆ ಕೊಡುವುದು ದ್ವಿಚಕ್ರ ಸವಾರರಿಗಾಗಿ ಒಂದು ಬದಿ ಕಿತ್ತುಹಾಕಿದ ಅರೆ ಹಂಪು, ಎಡ ಅಂಚಿನ ಗುಂಡಿ, ಪೈಪು ಹೂಳಲು ಅಗೆದು ಮುಚ್ಚಿದ ಓರೆ ಕಾಲುವೆ. ಇಲ್ಲೆಲ್ಲ ಒಂದು ಚಕ್ರ ಮಾತ್ರ ಕುಸಿಯುತ್ತದೆ, ಬಾರ್ ಆ ಹೊಡೆತವನ್ನು ಇನ್ನೊಂದು ಚಕ್ರಕ್ಕೂ ದಾಟಿಸುತ್ತದೆ. ಬಾರ್ ಬಿಗಿಯಾದಷ್ಟೂ ಕಾರು ಎತ್ತಿನಗಾಡಿಯಂತೆ ಅಡ್ಡಡ್ಡ ಓಲಾಡುತ್ತದೆ, ಕುಳಿತವರ ತಲೆ ಪಕ್ಕದ ಗಾಜಿನತ್ತ ವಾಲುತ್ತದೆ. ಹೆದ್ದಾರಿಯಲ್ಲಿ ಮಾತ್ರ ಓಡಿಸಿ ಮೆಚ್ಚಿಕೊಂಡ ಬಾರನ್ನು, ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯಕ್ಕೆ ಮನೆಮಂದಿಯನ್ನು ಕರೆದೊಯ್ದ ದಿನವೇ ಶಪಿಸುವಂತಾಗುವುದು ಇದರಿಂದಲೇ.

ಮಳೆ ಇನ್ನೊಂದು ವಿಚಾರ. ಏಪ್ರಿಲ್-ಮೇ ತಿಂಗಳ ಮೊದಲ ಮಳೆಗೆ ರಸ್ತೆಯ ಮೇಲಿನ ಧೂಳು ಮತ್ತು ಎಣ್ಣೆ ಕಲೆತು ಜಿಡ್ಡಾಗುತ್ತದೆ. ಹೊಸಕೋಟೆ, ನೆಲಮಂಗಲದ ಕಡೆ ಲಾರಿಗಳ ಸಂಚಾರ ದಟ್ಟವಾಗಿರುವ ರಸ್ತೆಗಳಲ್ಲಿ ಈ ಜಿಡ್ಡು ಇನ್ನೂ ಹೆಚ್ಚು. ಒಣ ರಸ್ತೆಯಲ್ಲಿ ಚುರುಕು ಎನಿಸಿದ ಹಿಂಬದಿ ಇಲ್ಲಿ ಮುನ್ಸೂಚನೆ ಇಲ್ಲದೆ ಜಾರಬಲ್ಲದು, ಅದರಲ್ಲೂ ತಿರುವಿನ ನಡುವೆ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟಾಗ ಅಥವಾ ಬ್ರೇಕ್ ಒತ್ತಿದಾಗ. ಕಾರು ತಯಾರಕರು ಸಾಮಾನ್ಯ ಕಾರುಗಳಿಗೆ ತುಸು ಅಂಡರ್‌ಸ್ಟಿಯರ್ ಉಳಿಸಿಯೇ ಮಾರುವುದು ಇದೇ ಕಾರಣಕ್ಕೆ. ಮೂತಿ ಹೊರಗೆ ಸರಿದಾಗ ಸಾಮಾನ್ಯ ಚಾಲಕ ಸಹಜವಾಗಿ ವೇಗ ತಗ್ಗಿಸುತ್ತಾನೆ, ಕಾರು ಹಾದಿಗೆ ಬರುತ್ತದೆ. ಬಾಲ ಜಾರಿದಾಗ ಅದೇ ಸಹಜ ಪ್ರತಿಕ್ರಿಯೆ ಕಾರನ್ನು ಗಿರಕಿ ಹೊಡೆಸುತ್ತದೆ. ಎಲೆಕ್ಟ್ರಾನಿಕ್ ಸ್ಥಿರತಾ ವ್ಯವಸ್ಥೆ ಇರುವ ಕಾರುಗಳಲ್ಲಿ ಅದು ನೆರವಿಗೆ ಬರುತ್ತದೆಯಾದರೂ, ಅದನ್ನು ಹೊಂದಿಸಿರುವುದು ಮೂಲ ಬಾರ್‌ನ ಲೆಕ್ಕದಲ್ಲಿ ಎಂಬುದು ನೆನಪಿರಬೇಕು.

ಸವೆದ ಟೈರು, ಗಟ್ಟಿಯಾದ ರಬ್ಬರು, ತಪ್ಪಿದ ಅಲೈನ್‌ಮೆಂಟ್, ಎಣ್ಣೆ ಸೋರಿದ ಶಾಕ್ ಅಬ್ಸಾರ್ಬರ್ ಇರುವ ಕಾರಿನಲ್ಲಿ ಬಾರ್ ಬದಲಿಸುವುದು ಬಿರುಕು ಬಿಟ್ಟ ಗೋಡೆಗೆ ಬಣ್ಣ ಬಳಿದಂತೆ. ಒಂದು ಜೊತೆ ಒಳ್ಳೆಯ ಟೈರು ಕೊಡುವ ಹಿಡಿತವನ್ನು ಯಾವ ಬಾರೂ ಕೊಡಲಾರದು.

ಲಿಂಕ್‌ನ ಮಾತು

ಬಹಳಷ್ಟು ಕಾರುಗಳಲ್ಲಿ ನಿಜವಾಗಿ ಬದಲಿಸಬೇಕಾದ್ದು ಬಾರ್ ಅಲ್ಲ, ಲಿಂಕ್. ನಮ್ಮ ರಸ್ತೆಗಳಲ್ಲಿ ಸಸ್ಪೆನ್ಷನ್ನಿನ ಬೇರೆಲ್ಲ ಭಾಗಗಳಿಗಿಂತ ಮೊದಲು ಸೋಲುವವುಗಳಲ್ಲಿ ಇದೂ ಒಂದು. ನಿಧಾನವಾಗಿ ಒರಟು ರಸ್ತೆಯಲ್ಲಿ ಸಾಗುವಾಗ ಒಂದು ಬದಿಯಿಂದ ‘ಟಕ್ ಟಕ್’ ಎಂಬ ಸಣ್ಣ ಸದ್ದು ಬಂದರೆ, ವೇಗವಾಗಿ ಹೋದಾಗ ಅದು ಅಡಗಿದರೆ, ಮೊದಲ ಅನುಮಾನ ಲಿಂಕ್‌ನ ಬಾಲ್ ಜಾಯಿಂಟ್ ಮೇಲೆ. ಜಾಯಿಂಟಿನ ರಬ್ಬರ್ ಟೋಪಿ ಹರಿದಿದ್ದರೆ ಒಳಗೆ ನೀರು, ಮಣ್ಣು ಸೇರಿ ಕೆಲವೇ ತಿಂಗಳಲ್ಲಿ ಗುಂಡು ಸಡಿಲವಾಗುತ್ತದೆ. ಸ್ಟ್ರಟ್‌ನ ಮೇಲಿನ ಮೌಂಟ್ ಅಥವಾ ಲೋವರ್ ಆರ್ಮ್ ಬುಷ್ ಕೂಡ ಇದೇ ಬಗೆಯ ಸದ್ದು ಮಾಡುವುದರಿಂದ ಮೆಕ್ಯಾನಿಕ್ ಊಹೆಯ ಮೇಲೆ ಬಿಡಿಭಾಗ ಬದಲಿಸದಂತೆ ನೋಡಿಕೊಳ್ಳಬೇಕು. ಎರಡೂ ಚಕ್ರಗಳು ಸಮನಾಗಿ ಊರಿ ನಿಂತಿರುವಾಗ ಬಾರ್‌ನ ತುದಿಯನ್ನು ಹಿಡಿದು ಅಲುಗಾಡಿಸಿದರೆ ಸಡಿಲ ಜಾಯಿಂಟ್ ಕೈಗೇ ಗೊತ್ತಾಗುತ್ತದೆ. ಒಂದು ಬದಿಯ ಚಕ್ರವನ್ನು ಮಾತ್ರ ಜ್ಯಾಕ್‌ನಿಂದ ಎತ್ತಿ ನೋಡಿದರೆ ಬಾರ್ ತಿರುಚಿಕೊಂಡು ಲಿಂಕ್ ಬಿಗಿದಿರುತ್ತದೆ; ದೋಷ ಮರೆಯಾಗುತ್ತದೆ.

ಲಿಂಕ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಕಂಪನಿಯಿಂದ ಬರುವ ಲಿಂಕ್‌ಗೆ ತೆಳು ಉಕ್ಕಿನ ಅಥವಾ ಗಾಜಿನೆಳೆ ಬೆರೆಸಿದ ನೈಲಾನ್‌ನ ಕಡ್ಡಿ, ಎರಡೂ ತುದಿಗೆ ರಬ್ಬರ್ ಟೋಪಿ ತೊಟ್ಟ ಬಾಲ್ ಜಾಯಿಂಟ್. ಸಾಮಾನ್ಯ ಬಳಕೆಗೆ ಇದು ಸಾಕು. ಎರಡನೆಯದು ಅದೇ ಉದ್ದದ, ದಪ್ಪ ಉಕ್ಕಿನ ಕಡ್ಡಿ ಮತ್ತು ದೊಡ್ಡ ಬಾಲ್ ಜಾಯಿಂಟ್ ಇರುವ ಲಿಂಕ್; ಜರ್ಮನಿಯ ಮೈಲೆ ಕಂಪನಿಯ ಎಚ್‌ಡಿ ಸರಣಿ ಇದಕ್ಕೆ ಉದಾಹರಣೆ. ಬಾರ್ ಒಂದು ಹಂತ ದಪ್ಪಗಾದಾಗ ಲಿಂಕ್ ಮೇಲಿನ ಎಳೆತವೂ ಹೆಚ್ಚುವುದರಿಂದ ಇಂಥ ಲಿಂಕ್ ಉಚಿತ. ಈ ಜಿಲ್ಲೆಯ ಬಹುಪಾಲು ಮಾಲೀಕರಿಗೆ ಶಿಫಾರಸು ಮಾಡಬಹುದಾದದ್ದು ಇದೇ.

ಮೂರನೆಯದು ಉದ್ದವನ್ನು ಹೆಚ್ಚುಕಡಿಮೆ ಮಾಡಬಹುದಾದ, ತುದಿಗಳಲ್ಲಿ ಬರಿ ಲೋಹದ ಗುಂಡು ಇರುವ ರಾಡ್ ಎಂಡ್ ಲಿಂಕ್. ನೋಡಲು ಅಂದ, ರೇಸಿನಲ್ಲಿ ನಿಖರ. ಆದರೆ ಮುಚ್ಚಳವಿಲ್ಲದ ಆ ಗುಂಡಿನ ಸಂದಿಗೆ ಕ್ವಾರಿ ಲಾರಿಗಳ ಧೂಳು, ಮಳೆಗಾಲದ ಕೆಸರು ನೇರವಾಗಿ ಹೋಗುತ್ತದೆ. ಸದ್ದು ಬೇಗ ಶುರುವಾಗುತ್ತದೆ. ರೇಸ್ ತಂಡಗಳು ಇದನ್ನು ಆಗಾಗ ಬದಲಿಸುವ ಸವೆತದ ಭಾಗವೆಂದೇ ಎಣಿಸುತ್ತವೆ. ನಿತ್ಯ ಓಡಿಸುವವರು ಉದ್ದ ಹೊಂದಿಸುವ ಲಿಂಕನ್ನೇ ಬಯಸಿದರೆ, ರಬ್ಬರ್ ಟೋಪಿ ಇರುವ ಬಾಲ್ ಜಾಯಿಂಟ್‌ನ ಮಾದರಿಯನ್ನು ಆರಿಸಬೇಕು.

ಉದ್ದ ಹೊಂದಿಸುವ ಲಿಂಕ್ ಯಾರಿಗೆ ಬೇಕು? ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿದವರಿಗೆ. ಕಾರು ತಗ್ಗಿದಾಗ ಬಾರ್‌ನ ತೋಳು ಮೂಲ ಕೋನ ಬಿಟ್ಟು ಮೇಲಕ್ಕೆ ತಿರುಗಿರುತ್ತದೆ. ಕೆಲವು ಕಾರುಗಳಲ್ಲಿ ಅದು ಡ್ರೈವ್ ಶಾಫ್ಟ್‌ಗೋ ಟೈ ರಾಡ್‌ಗೋ ತಾಗುವಷ್ಟು ಹತ್ತಿರ ಬರುತ್ತದೆ. ಮೂಲ ಎತ್ತರದಲ್ಲೇ ಇರುವ ಕಾರಿಗೆ ಕಂಪನಿಯ ಉದ್ದದ ಲಿಂಕ್ ಸಾಕು. ಹೊಂದಿಸುವಾಗ ಕಾರು ಸಮತಟ್ಟಾದ ನೆಲದಲ್ಲಿ ತನ್ನ ಚಕ್ರಗಳ ಮೇಲೆ ನಿಂತಿರಬೇಕು, ಚಾಲಕನ ಆಸನದಲ್ಲಿ ಚಾಲಕನಷ್ಟೇ ತೂಕವಿರಬೇಕು. ಒಂದು ಬದಿಯ ಲಿಂಕ್ ಕಟ್ಟಿದ ಮೇಲೆ ಇನ್ನೊಂದು ಬದಿಯದನ್ನು ಬೋಲ್ಟ್ ಬಲವಂತವಿಲ್ಲದೆ ಕೈಯಿಂದಲೇ ಒಳಗೆ ಸರಿಯುವ ಉದ್ದಕ್ಕೆ ತರಬೇಕು. ಹಾಗಲ್ಲದೆ ಎಳೆದು ಕಟ್ಟಿದರೆ ಬಾರ್ ನಿಂತಲ್ಲೇ ತಿರುಚಿಕೊಂಡಿರುತ್ತದೆ. ಕಾರು ಎಡಕ್ಕೊಂದು ಬಗೆ, ಬಲಕ್ಕೊಂದು ಬಗೆ ತಿರುಗುತ್ತದೆ.

ಗಮನಿಸಬೇಕಾದ ಇನ್ನೊಂದು ಅಪಾಯವಿದೆ. ಹಂಪಿನ ನೆತ್ತಿ ದಾಟಿ ಕಾರು ಹಾರಿದಂತಾದಾಗ ಚಕ್ರಗಳು ಪೂರ್ತಿ ಕೆಳಗೆ ಜೋತುಬೀಳುತ್ತವೆ. ಲಿಂಕ್‌ನ ಉದ್ದ ತಪ್ಪಿದ್ದರೆ ಆ ಕ್ಷಣದಲ್ಲಿ ಅದು ಬಾರ್‌ನ ತೋಳಿನೊಂದಿಗೆ ಒಂದೇ ಗೆರೆಗೆ ಬಂದು ಆಚೆ ಬದಿಗೆ ಮಗುಚಿಕೊಳ್ಳಬಹುದು. ಮತ್ತೆ ಚಕ್ರ ಮೇಲೇರಿದಾಗ ಲಿಂಕ್ ಬಾಗುತ್ತದೆ ಅಥವಾ ಸ್ಟ್ರಟ್‌ನ ಕಿವಿ ಕಿತ್ತುಬರುತ್ತದೆ. ಆದ್ದರಿಂದ ಕೂರಿಸಿದ ಮೇಲೆ ಕಾರನ್ನು ಲಿಫ್ಟ್‌ನಲ್ಲಿ ಎತ್ತಿ, ಚಕ್ರಗಳು ಪೂರ್ತಿ ಜೋತಿರುವಾಗ ಸ್ಟಿಯರಿಂಗನ್ನು ಎರಡೂ ಕೊನೆಗಳವರೆಗೆ ತಿರುಗಿಸಿ, ಬ್ರೇಕ್ ಪೈಪು, ಎಬಿಎಸ್ ತಂತಿ, ಸೈಲೆನ್ಸರ್ ಯಾವುದಕ್ಕೂ ತಾಗುತ್ತಿಲ್ಲವೆಂದು ಕಣ್ಣಾರೆ ನೋಡಲೇಬೇಕು.

ನಡುವಿನ ಬುಷ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಬ್ಬರ್ ಮೌನಿ, ಆದರೆ ತುಸು ಮೆದು. ಪಾಲಿಯುರೆಥೇನ್ ಬಿಗಿ, ಆದರೆ ಕಾಲಕಾಲಕ್ಕೆ ಸರಿಯಾದ ಗ್ರೀಸ್ ಕಾಣದಿದ್ದರೆ ಕಿರ್ರೆನ್ನುತ್ತದೆ. ಹತ್ತು ವರ್ಷ ದಾಟಿದ ಕಾರಿನಲ್ಲಿ ಮೂಲ ಬಾರ್‌ಗೆ ಹೊಸ ಬುಷ್ ಮತ್ತು ಹೊಸ ಲಿಂಕ್ ಹಾಕಿದಷ್ಟಕ್ಕೇ ‘ಹೊಸ ಬಾರ್ ಹಾಕಿಸಿದಿರಾ’ ಎಂದು ಕೇಳುವಷ್ಟು ವ್ಯತ್ಯಾಸ ಕಾಣಿಸಬಹುದು.

ಕಾನೂನು ಮತ್ತು ವಿಮೆ

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ವಾಹನದ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ವ್ಯತ್ಯಾಸವನ್ನು ಈ ಕಲಂ ಮಾರ್ಪಾಡು ಎಂದು ಕರೆಯುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಂನ ನಾಲ್ಕನೇ ಉಪಕಲಂ, ಅನುಮತಿಸದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ.

ಸ್ವೇ ಬಾರ್‌ನ ದಪ್ಪವನ್ನು ನೋಂದಣಿ ಪತ್ರದಲ್ಲಿ ಬರೆಯುವುದಿಲ್ಲ. ಹಳೆಯ ಲಿಂಕ್ ತೆಗೆದು ಅದೇ ಅಳತೆಯ ಹೊಸದನ್ನು ಹಾಕುವುದು ಸಾಮಾನ್ಯ ದುರಸ್ತಿ, ಇದರಲ್ಲಿ ಅನುಮಾನವಿಲ್ಲ. ಮೂಲ ಜಾಗದಲ್ಲೇ ಬೋಲ್ಟ್‌ನಿಂದ ಕೂರುವ ದಪ್ಪ ಬಾರ್ ವ್ಯಾಖ್ಯಾನಕ್ಕೆ ಬಿಟ್ಟ ವಿಷಯ. ತೊಲೆ ಕೊರೆಯುವುದು, ಚೌಕಟ್ಟಿಗೆ ಬೆಸೆಯುವುದು ರಚನೆಯ ಬದಲಾವಣೆಯತ್ತ ಸ್ಪಷ್ಟವಾಗಿ ವಾಲುತ್ತದೆ. ವಾರಂಟಿ ಅವಧಿಯಲ್ಲಿರುವ ಕಾರಿನ ಸಸ್ಪೆನ್ಷನ್ ಭಾಗಗಳ ಕೋರಿಕೆಯನ್ನು ತಯಾರಕರು ಇದೇ ಕಾರಣ ಕೊಟ್ಟು ನಿರಾಕರಿಸಬಹುದು. ವಿಮಾ ಕಂಪನಿಗೆ ಬದಲಾವಣೆಯನ್ನು ಲಿಖಿತವಾಗಿ ಮೊದಲೇ ತಿಳಿಸಿ ಉತ್ತರವನ್ನು ಇಟ್ಟುಕೊಳ್ಳುವುದು, ಅಪಘಾತದ ನಂತರ ಸರ್ವೇಯರ್ ಎದುರು ವಾದಿಸುವುದಕ್ಕಿಂತ ಸುಲಭ. ಬಿಚ್ಚಿದ ಮೂಲ ಬಾರನ್ನು ಗುಜರಿಗೆ ಹಾಕದೆ ಉಳಿಸಿಕೊಳ್ಳಬೇಕು.

ಬಾರ್‌ನ ಮಿತಿಯನ್ನು ನಂದಿಯ ತಿರುವಿನಲ್ಲಿ ಪರೀಕ್ಷಿಸುವ ಆಸೆಯೂ ಕಾನೂನಿನ ಹೊರಗಿನದು. ಸಾರ್ವಜನಿಕ ರಸ್ತೆಯಲ್ಲಿ ವೇಗದ ಪೈಪೋಟಿ 189ನೇ ಕಲಂನಡಿ ಶಿಕ್ಷಾರ್ಹ. ಆ ರಸ್ತೆಯಲ್ಲಿ ಬೆಳಗಿನ ಹೊತ್ತು ಸೈಕಲ್ ಸವಾರರು, ದ್ರಾಕ್ಷಿ-ಹೂವಿನ ಗಾಡಿಗಳು, ಹಾಲಿನ ಕ್ಯಾನು ಹೊತ್ತ ದ್ವಿಚಕ್ರಗಳು ಇರುತ್ತವೆ. ನಿಜವಾಗಿ ಅಳೆಯಬೇಕೆನ್ನುವವರಿಗೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈನಲ್ಲಿ 1990ರಿಂದ ರೇಸ್ ಟ್ರ್ಯಾಕ್ ಇದೆ, 3.7 ಕಿ.ಮೀ. ಉದ್ದದ ಒಂದೊಂದು ಸುತ್ತೂ ಒಂದೇ ದಿಕ್ಕಿನದು, ಎದುರಿಗೆ ಯಾರೂ ಬರುವುದಿಲ್ಲ.

ಕೆಲಸದ ಕ್ರಮ

ಮೊದಲು ಟೈರು, ಗಾಳಿ, ಅಲೈನ್‌ಮೆಂಟ್. ನಂತರ ಶಾಕ್ ಅಬ್ಸಾರ್ಬರ್ ಮತ್ತು ಬುಷ್‌ಗಳ ತಪಾಸಣೆ, ಲಿಂಕ್‌ಗಳನ್ನು ಜೊತೆಯಾಗಿ ಬದಲಿಸುವುದು. ಇಷ್ಟಾದ ಮೇಲೆ ಕನಿಷ್ಠ ಒಂದು ತಿಂಗಳು, ಸಾಧ್ಯವಾದರೆ ಒಂದು ಮಳೆಯಲ್ಲೂ, ಕಾರನ್ನು ಓಡಿಸಿ ನೋಡಬೇಕು. ಆಗಲೂ ತೃಪ್ತಿಯಿಲ್ಲದಿದ್ದರೆ ಮುಂಚಕ್ರ ಚಾಲನೆಯ ಕಾರಿಗೆ ಹಿಂಬದಿಯ ಬಾರ್ ಒಂದನ್ನೇ, ಮೂಲಕ್ಕಿಂತ ಸುಮಾರು ಶೇ. 40-50ರಷ್ಟು ಹೆಚ್ಚು ಬಿಗುವಿನದನ್ನು, ರಂಧ್ರಗಳಿದ್ದರೆ ಅತಿ ಮೆದುವಾದ ರಂಧ್ರದಲ್ಲಿ ಹಾಕಿಸಬಹುದು.

ಕೂರಿಸುವ ದಿನ ಲಿಂಕ್‌ನ ನಟ್‌ಗಳನ್ನು ಹೊಸದಾಗಿಯೇ ಬಳಸಬೇಕು. ಒಳಗೆ ನೈಲಾನ್ ಇರುವ ಲಾಕ್ ನಟ್ ಒಮ್ಮೆ ಬಿಚ್ಚಿದ ಮೇಲೆ ಅದೇ ಹಿಡಿತ ಕೊಡುವುದಿಲ್ಲ. ಬಿಗಿಯುವಾಗ ಬಾಲ್ ಜಾಯಿಂಟ್‌ನ ಕಾಂಡ ಸುತ್ತದಂತೆ ಅದರ ತುದಿಗೆ ಅಲೆನ್ ಕೀ ಕೊಟ್ಟು ಹಿಡಿಯಬೇಕು, ಇಲ್ಲವಾದರೆ ಹೊಸ ಲಿಂಕ್‌ನ ರಬ್ಬರ್ ಟೋಪಿ ಅಂದೇ ತಿರುಚಿ ಹರಿಯುತ್ತದೆ. ರಬ್ಬರ್ ಬುಷ್ ಇರುವ ಕಡೆ ಕೊನೆಯ ಬಿಗಿತವನ್ನು ಕಾರು ನೆಲದ ಮೇಲೆ ಇಳಿದ ನಂತರವೇ, ಟಾರ್ಕ್ ರೆಂಚ್‌ನಿಂದ, ತಯಾರಕರು ಕೊಟ್ಟ ಅಳತೆಗೆ ಕೊಡಬೇಕು. ಸುಮಾರು 500 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಕಾರನ್ನು ಎತ್ತಿ ಎಲ್ಲ ನಟ್‌ಗಳನ್ನೂ, ಬಾರ್‌ನ ಬ್ರಾಕೆಟ್‌ಗಳ ಸುತ್ತ ಬಣ್ಣ ಬಿರಿದಿದೆಯೇ ಎಂಬುದನ್ನೂ ನೋಡಬೇಕು. ಬಣ್ಣದಲ್ಲಿ ಕೂದಲೆಳೆಯಂಥ ಗೆರೆ ಕಂಡರೆ ಆ ಬಾರ್ ಅಲ್ಲಿಗೆ ಹೆಚ್ಚಾಯಿತೆಂದು ತಿಳಿದು ಹಳೆಯದನ್ನೇ ಮತ್ತೆ ಕಟ್ಟಿಸುವುದು ಒಳಿತು.